ಮೂರನೆಯ ಮತ ಎಲ್ಲಿದೆ?

2021ರ ಫೆಬ್ರುವರಿ 24, ಬುಧವಾರ. ಫ್ಯೂಚರ್ಸ್ ಮತ್ತು ಆಪ್ಷನ್ಸ್ ಒಪ್ಪಂದಗಳ ತಿಂಗಳ ಗಡುವಿಗೆ ಒಂದೇ ದಿನ ಬಾಕಿ ಇತ್ತು. ಬೆಳಿಗ್ಗೆ 11.40ರ ಸುಮಾರಿಗೆ ಮುಂಬೈನ ರಾಷ್ಟ್ರೀಯ ಷೇರುಪೇಟೆ ಎನ್‌ಎಸ್‌ಇಯಲ್ಲಿ ವಹಿವಾಟು ನಿಂತುಹೋಯಿತು. ಮತ್ತೆ ಶುರುವಾದದ್ದು ಮಧ್ಯಾಹ್ನ 3.45ಕ್ಕೆ. ಎಂದಿನಂತೆ ಮೂರೂವರೆಗೆ ಮುಗಿಯಬೇಕಿದ್ದ ಪೇಟೆಯನ್ನು ಸಂಜೆ 5ರವರೆಗೆ ವಿಸ್ತರಿಸಿದರು. ಆದರೆ ಪೇಟೆ ಮತ್ತೆ ತೆರೆಯುತ್ತದೆ ಎಂಬ ಸುದ್ದಿ ಬರುವಷ್ಟರಲ್ಲಿ ಎಷ್ಟೋ ಬ್ರೋಕರುಗಳು ಗ್ರಾಹಕರ ಅಂದಿನ ಖರೀದಿಗಳನ್ನು ಮುಂಬೈನದೇ ಇನ್ನೊಂದು ಷೇರುಪೇಟೆಯಾದ ಬಿಎಸ್‌ಇಯಲ್ಲಿ ಸಿಕ್ಕಿದ ಬೆಲೆಗೆ ಮಾರಿ ಮುಗಿಸಿಯಾಗಿತ್ತು. ಬೆಳಿಗ್ಗೆ ಕೊಂಡು ಸಂಜೆಯೊಳಗೆ ಮಾರುವ ಸಣ್ಣ ವ್ಯವಹಾರಸ್ಥರಿಗೆ ಅಂದು ಆದ ನಷ್ಟ ಅವರ ಲೆಕ್ಕಾಚಾರದ ತಪ್ಪಿನಿಂದ ಆದದ್ದಲ್ಲ.

ಅಂದು ಡೇಟಾ ಸೆಂಟರಿಗೆ ಬೆಂಕಿ ಬಿದ್ದಿರಲಿಲ್ಲ, ಪ್ರವಾಹ ಬಂದಿರಲಿಲ್ಲ. ಎನ್‌ಎಸ್‌ಇ ಬಳಿಕ ಕೊಟ್ಟ ವಿವರಣೆ ಹೀಗಿದೆ. ಮುಖ್ಯ ಡೇಟಾ ಸೆಂಟರಿಗೂ ಸಮೀಪದ ಇನ್ನೊಂದು ಕೇಂದ್ರಕ್ಕೂ ನಡುವೆ ಎರಡು ಟೆಲಿಕಾಂ ಕಂಪನಿಗಳ ಹಲವು ಲಿಂಕುಗಳಿದ್ದವು. ದಾರಿಯುದ್ದಕ್ಕೂ ನಡೆಯುತ್ತಿದ್ದ ಅಗೆತ, ಕಾಮಗಾರಿಗಳಿಂದ ಲಿಂಕುಗಳು ಅಸ್ಥಿರಗೊಂಡವು. ಲಿಂಕು ಕೆಟ್ಟರೂ ಮುಖ್ಯ ಕೇಂದ್ರದ ಸ್ಟೋರೇಜ್ ತನ್ನ ಪಾಡಿಗೆ ನಡೆಯಬೇಕಿತ್ತು, ನಡೆಯಲಿಲ್ಲ. ಸರ್ವರುಗಳಿಗೆ ಅದು ಸಿಗದೇ ಹೋಯಿತು. ಆರ್ಡರುಗಳನ್ನು ಹೊಂದಿಸುವ ಯಂತ್ರ ಚೆನ್ನಾಗಿಯೇ ಓಡುತ್ತಿತ್ತು. ಆದರೆ ಅಪಾಯ ನಿರ್ವಹಣೆಯ ವ್ಯವಸ್ಥೆ, ಅಂದರೆ ವ್ಯವಹಾರಗಳ ಹಿಂದೆ ಸಾಕಷ್ಟು ಮಾರ್ಜಿನ್ ಹಣ ಇದೆಯೇ ಎಂದು ನೋಡುವ ಕಣ್ಣು, ಮುಚ್ಚಿಹೋಯಿತು. ಅದಿಲ್ಲದೆ ಪೇಟೆ ನಡೆಸುವಂತಿಲ್ಲ. ಚೆನ್ನೈನಲ್ಲಿ ಇಂಥ ದಿನಕ್ಕೆಂದೇ ಕಟ್ಟಿದ ಡಿಆರ್ (ಡಿಸಾಸ್ಟರ್ ರಿಕವರಿ) ಸೈಟ್ ಇತ್ತು. ವಹಿವಾಟು ಅಲ್ಲಿಗೆ ಹೋಗಲಿಲ್ಲ.

ಎರಡು ಕಟ್ಟಡ, ಎರಡು ಕಂಪನಿ, ಹಲವು ಲಿಂಕು, ದೂರದ ಊರಲ್ಲಿ ಇನ್ನೊಂದು ಕೇಂದ್ರ: ಕಾಗದದ ಮೇಲೆ ಯಾವ ಕೊರತೆಯೂ ಇರಲಿಲ್ಲ. ನನ್ನ ವಾದ ಇಲ್ಲಿಂದಲೇ ಹೊರಡುತ್ತದೆ. ಎರಡನೆಯದನ್ನು ದುಡ್ಡು ಕೊಟ್ಟು ತರಬಹುದು. ಆ ಎರಡೂ ಒಂದನ್ನೊಂದು ಕಾಣದೇ ಹೋದ ಗಳಿಗೆಯಲ್ಲಿ ಮುಂದುವರಿಯುವ ಹಕ್ಕು ಯಾರದು, ಸುಮ್ಮನಾಗಬೇಕಾದವರು ಯಾರು ಎಂಬುದನ್ನು ಮಾತ್ರ ಮೊದಲೇ ಕೂತು ತೀರ್ಮಾನಿಸಬೇಕು. ವಿಪತ್ತು ತಾಳಿಕೊಳ್ಳುವ ವ್ಯವಸ್ಥೆಯ ತಿರುಳು ಈ ತೀರ್ಮಾನ. ನಮ್ಮ ಸಾರ್ವಜನಿಕ ಸಂಸ್ಥೆಗಳು ಪ್ರತಿಗಳಿಗೆ ಖರ್ಚು ಮಾಡಿದಷ್ಟು ಯೋಚನೆಯನ್ನು ಇದಕ್ಕೆ ಖರ್ಚು ಮಾಡಿಲ್ಲ.

ಯಾವುದಾದರೂ ಒಳ್ಳೆಯ ಡೇಟಾ ಸೆಂಟರಿನ ಒಂದು ರ‍್ಯಾಕಿನ ಹಿಂಬದಿಗೆ ಹೋಗಿ ನಿಂತು ನೋಡಿ. ಪ್ರತಿ ಸರ್ವರಿಗೂ ಎರಡು ಪವರ್ ಸಪ್ಲೈ, ಎರಡೂ ಬೇರೆ ಬೇರೆ ಯುಪಿಎಸ್‌ನಿಂದ. ಸ್ಟೋರೇಜಿಗೆ ಹೋಗಲು ಎರಡು ಕಾರ್ಡು. ಒಂದರ ಫೈಬರ್ ಎಡಗಡೆಯ ಸ್ವಿಚ್ಚಿಗೆ, ಇನ್ನೊಂದರದು ಬಲಗಡೆಯದಕ್ಕೆ. ಆ ಎರಡು ಸ್ವಿಚ್ಚುಗಳ ನಡುವೆ ಬೇಕೆಂದೇ ಒಂದು ತಂತಿಯನ್ನೂ ಎಳೆದಿರುವುದಿಲ್ಲ, ಒಂದರ ರೋಗ ಇನ್ನೊಂದಕ್ಕೆ ಅಂಟಬಾರದೆಂದು. ಸ್ಟೋರೇಜಿನಲ್ಲೂ ಎರಡು ಕಂಟ್ರೋಲರ್. ಯಾವ ಒಂದು ಕೇಬಲ್ ಕಿತ್ತರೂ ಕೆಲಸ ನಿಲ್ಲದು. ಈಗ ಅದೇ ಫೈಬರನ್ನು ಹಿಂಬಾಲಿಸಿ ಕಟ್ಟಡದ ಹೊರಗೆ ಬನ್ನಿ. ಗೇಟಿನ ಪಕ್ಕದ ಚೇಂಬರಿನ ಮುಚ್ಚಳ ಎತ್ತಿದರೆ, ಒಳಗೆ ಎರಡು ಕಂಪನಿಗಳ ಕೇಬಲ್ಲುಗಳು ಒಂದೇ ಡಕ್ಟಿನಲ್ಲಿ ಮೈಗೆ ಮೈ ತಾಗಿಸಿ ಮಲಗಿರಬಹುದು. ಒಂದು ಕಂಪನಿ ಇನ್ನೊಂದರಿಂದ ಫೈಬರನ್ನು ಬಾಡಿಗೆಗೆ ಪಡೆದಿದ್ದರೆ, ಎರಡು ಬಿಲ್ಲುಗಳ ಹಿಂದೆ ಇರುವುದು ಒಂದೇ ಗಾಜಿನ ಎಳೆ. ಜೆಸಿಬಿಯ ಬಕೆಟ್ಟು ಬಿಲ್ಲು ನೋಡಿ ಅಗೆಯುವುದಿಲ್ಲ. ಆದ್ದರಿಂದ ಲಿಂಕು ಎಷ್ಟಿವೆ ಎಂದು ಎಣಿಸಿದರೆ ಸಾಲದು, ಅವು ಯಾವ ರಸ್ತೆಯ ಯಾವ ಬದಿಯಲ್ಲಿ ಹೋಗುತ್ತವೆ ಎಂಬ ನಕಾಶೆ ಬೇಕು. ಕಂಪನಿಗಳು ಕೇಬಲ್ಲಿನ ದಾರಿಯನ್ನು ತಿಳಿಸದೇ ಬದಲಿಸುವುದೂ ಉಂಟಾದ್ದರಿಂದ ಆ ನಕಾಶೆಯನ್ನು ವರ್ಷಕ್ಕೊಮ್ಮೆಯಾದರೂ ತಾಳೆ ನೋಡಬೇಕು.

ಕಡಿದುಹೋದ ಲಿಂಕಿಗಿಂತ ಮಿಣಮಿಣ ಎನ್ನುವ ಲಿಂಕು ಹೆಚ್ಚು ಅಪಾಯಕಾರಿ. ಪೂರ್ತಿ ಕಡಿದದ್ದನ್ನು ಯಂತ್ರ ಬೇಗ ಗುರುತಿಸಿ ಬೇರೆ ದಾರಿ ಹಿಡಿಯುತ್ತದೆ. ಒಂದು ನಿಮಿಷ ಬಂದು, ಹತ್ತು ಸೆಕೆಂಡು ಹೋಗಿ, ಮತ್ತೆ ಬಂದರೆ? ಪ್ರತಿ ಬರಹದ ಆಜ್ಞೆಯೂ ಉತ್ತರಕ್ಕೆ ಕಾದು, ಕಾಲಮಿತಿ ಮುಗಿಸಿ, ಮತ್ತೆ ಪ್ರಯತ್ನಿಸುತ್ತದೆ. ಅದರ ಹಿಂದೆ ಸಾವಿರಾರು ಆಜ್ಞೆಗಳು ಸಾಲುಗಟ್ಟುತ್ತವೆ. ಲಿಂಕು ಸತ್ತಿದೆ ಎಂದು ಯಂತ್ರ ಒಪ್ಪಿಕೊಳ್ಳುವಷ್ಟರಲ್ಲಿ ಅದು ಮತ್ತೆ ಜೀವ ಬಂದಂತೆ ತೋರುತ್ತದೆ. 2020ರ ನವೆಂಬರ್ 2ರಂದು ಅಂತರ್ಜಾಲ ಸೇವೆ ನೀಡುವ ಕ್ಲೌಡ್‌ಫ್ಲೇರ್ ಕಂಪನಿಯಲ್ಲಿ ಆದದ್ದು ಇದರದೇ ಇನ್ನೊಂದು ರೂಪ. ಒಂದು ನೆಟ್‌ವರ್ಕ್ ಸ್ವಿಚ್ ಪೂರ್ತಿ ಸಾಯದೆ ಅರೆಜೀವವಾಯಿತು. ಒಂದೇ ಕೆಲಸವನ್ನು ಕೂಡಿ ಮಾಡುವ ಮೂರು ಸರ್ವರುಗಳ ಒಂದು ಕ್ಲಸ್ಟರಿನಲ್ಲಿ ಒಂದನೆಯದಕ್ಕೆ ನಾಯಕನಾಗಿದ್ದ ಮೂರನೆಯದು ಕಾಣಲಿಲ್ಲ, ಎರಡನೆಯದಕ್ಕೆ ಮಾತ್ರ ಇಬ್ಬರೂ ಕಾಣುತ್ತಿದ್ದರು. ನಾಯಕನಿಲ್ಲವೆಂದು ಒಂದನೆಯದು ಮತ್ತೆ ಮತ್ತೆ ಚುನಾವಣೆ ಕರೆಯಿತು. ಆ ಕಂಪನಿಯ ಡ್ಯಾಶ್‌ಬೋರ್ಡು ಮತ್ತು ಎಪಿಐ ಸೇವೆ 6 ಗಂಟೆ 33 ನಿಮಿಷ ಕುಂಟಿದವು.

ಸಮೀಪದಲ್ಲೇ ಒಂದು ಕೇಂದ್ರ, ದೂರದಲ್ಲಿ ಇನ್ನೊಂದು ಯಾಕೆ? ಬೆಳಕಿನ ವೇಗ ಇದಕ್ಕೆ ಕಾರಣ. ಫೈಬರಿನ ಗಾಜಿನಲ್ಲಿ ಬೆಳಕು ಒಂದು ಕಿಲೋಮೀಟರ್ ಸಾಗಲು ಸುಮಾರು 5 ಮೈಕ್ರೊಸೆಕೆಂಡ್ ಬೇಕು. 40 ಕಿ.ಮೀ. ದೂರದ ಕೇಂದ್ರಕ್ಕೆ ಹೋಗಿಬರಲು 0.4 ಮಿಲಿಸೆಕೆಂಡ್, ಇದನ್ನು ಸಹಿಸಿಕೊಳ್ಳಬಹುದು. ಹಾಗಾಗಿ ಅಲ್ಲಿಗೆ ಜತೆಜತೆಗೇ ಬರೆಯಬಹುದು: ಎರಡೂ ಕಡೆ ಬರೆದಾದ ಮೇಲೆಯೇ 'ಆಯಿತು' ಎಂಬ ಉತ್ತರ. ಸಾವಿರ ಕಿಲೋಮೀಟರಿಗೂ ಆಚೆಯ ಚೆನ್ನೈಗೆ ಹೋಗಿಬರಲು 10 ಮಿಲಿಸೆಕೆಂಡ್ ದಾಟುತ್ತದೆ. ಪ್ರತಿ ಬರಹಕ್ಕೂ ಅಷ್ಟು ಕಾದರೆ ಷೇರುಪೇಟೆಯಂಥ ವ್ಯವಸ್ಥೆ ತೆವಳುತ್ತದೆ. ಆದ್ದರಿಂದ ಅಲ್ಲಿಗೆ ಪ್ರತಿ ತುಸು ಹಿಂದುಳಿದೇ ತಲುಪುತ್ತದೆ. ಮುಂಬೈ ಹಠಾತ್ತನೆ ಇಲ್ಲವಾದರೆ ಆ ತುಸುವಿನಷ್ಟು ಮಾಹಿತಿ ಇಲ್ಲವಾದಂತೆಯೇ. ಹತ್ತಿರದ ಕೇಂದ್ರ ಮಾಹಿತಿಯನ್ನು ಕಾಯುತ್ತದೆ, ಆದರೆ ಅದೇ ಮಳೆಗೆ ಸಿಗುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಸುರಿದದ್ದನ್ನು ಮುಂಬೈ ಮರೆತಿಲ್ಲ. ದೂರದ್ದು ಊರಿಗೆ ಬಂದ ವಿಪತ್ತಿನಿಂದ ಪಾರಾಗುತ್ತದೆ, ಆದರೆ ಕೊನೆಯ ಕ್ಷಣಗಳ ಲೆಕ್ಕ ಅದರ ಬಳಿ ಇರುವುದಿಲ್ಲ. ಎರಡನ್ನೂ ಒಟ್ಟಿಗೆ ಕೊಡುವ ದೂರ ಎಂಬುದೇ ಇಲ್ಲ.

ಈಗ ಲಿಂಕು ಕಡಿಯಿತು ಎನ್ನಿ. ಒಂದು ಬ್ಯಾಂಕಿನ ಎರಡು ಕೇಂದ್ರಗಳು, ಎರಡರಲ್ಲೂ ರಾಯಚೂರಿನ ಒಬ್ಬರ ಖಾತೆಯಲ್ಲಿ 10,000 ರೂಪಾಯಿ. ಎರಡೂ ಕೇಂದ್ರಗಳು ಜೀವಂತವಾಗಿವೆ, ಆದರೆ ಪ್ರತಿಯೊಂದಕ್ಕೂ ಇನ್ನೊಂದು ಸತ್ತಂತೆ ಕಾಣುತ್ತಿದೆ. ಎಟಿಎಂ ಮೊದಲ ಕೇಂದ್ರವನ್ನು ಕೇಳಿ 10,000 ಕೊಟ್ಟಿತು. ಮನೆಯಲ್ಲಿ ಕೂತ ಮಗಳು ಫೋನಿನಿಂದ ಕಾಲೇಜು ಫೀಸು ಕಟ್ಟಿದಳು. ಆ ಕೋರಿಕೆ ಎರಡನೆಯ ಕೇಂದ್ರಕ್ಕೆ ಹೋಯಿತು, ಅದೂ 10,000 ಕೊಟ್ಟಿತು. ಒಂದು ಗಂಟೆಯ ಬಳಿಕ ಲಿಂಕು ಕೂಡಿಕೊಂಡಾಗ ಎರಡು ಸತ್ಯಗಳು ಎದುರುಬದುರು ನಿಂತಿವೆ. ಎರಡನ್ನೂ ಬೆಸೆಯುವ ಸೂತ್ರ ಯಾವ ತಂತ್ರಜ್ಞಾನದಲ್ಲೂ ಇಲ್ಲ. ಕೂತು ಒಂದೊಂದೇ ಸಾಲು ನೋಡಬೇಕು. ಈ ಕ್ಷೇತ್ರದವರು ಇದನ್ನು ಸ್ಪ್ಲಿಟ್ ಬ್ರೇನ್ ಎನ್ನುತ್ತಾರೆ. ವ್ಯವಸ್ಥೆ ನಾಲ್ಕು ಗಂಟೆ ನಿಂತದ್ದಕ್ಕಿಂತ ಇದು ದೊಡ್ಡ ಅನಾಹುತ ಎಂದೇ ನನ್ನ ಎಣಿಕೆ, ಏಕೆಂದರೆ ನಿಂತದ್ದು ಎಲ್ಲರಿಗೂ ಕಾಣುತ್ತದೆ, ಎರಡಾದದ್ದು ಯಾರಿಗೂ ಕಾಣುವುದಿಲ್ಲ.

ಇದಕ್ಕೆ ಮದ್ದು ಕೋರಂ. ಲೋಕಸಭೆ ನಡೆಯಲು ಹತ್ತರಲ್ಲಿ ಒಂದು ಭಾಗ ಸದಸ್ಯರಿದ್ದರೆ ಸಾಕೆಂದು ಸಂವಿಧಾನದ 100ನೇ ವಿಧಿ ಹೇಳುತ್ತದೆ. ಅಷ್ಟು ಕಡಿಮೆ ಸಾಕಾಗುವುದು ಸಭಾಂಗಣ ಒಂದೇ ಆಗಿರುವುದರಿಂದ. ಹೊರಗಿದ್ದವರು ಬೇರೆಡೆ ಸೇರಿ ತಾವೇ ಲೋಕಸಭೆ ಎನ್ನುವಂತಿಲ್ಲ. ಕ್ಲಸ್ಟರಿನಲ್ಲಿ ಗೈರುಹಾಜರಾದವರೂ ತಾವು ಸಭೆಯಲ್ಲೇ ಇದ್ದೇವೆಂದು ನಂಬಿರುತ್ತಾರೆ. ಹಾಗಾಗಿ ಇಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಬೇಕೇ ಬೇಕು. ಒಟ್ಟು ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇರುವ ಗುಂಪು ಒಂದೇ ಸಮಯದಲ್ಲಿ ಎರಡು ಇರಲು ಸಾಧ್ಯವಿಲ್ಲ. ಎಷ್ಟು ಸರಳ ಲೆಕ್ಕ! ಬಹುಮತ ಸಿಗದ ಗುಂಪು ಆರೋಗ್ಯವಾಗಿದ್ದರೂ ಬಾಯಿ ಮುಚ್ಚಿ ಕೂರಬೇಕು. ಕೂರದಿದ್ದರೆ ಉಳಿದವರು ಅದರ ವಿದ್ಯುತ್ತನ್ನೋ ಸ್ಟೋರೇಜ್ ದಾರಿಯನ್ನೋ ಕಡಿದು ಕೂರಿಸುವ ಏರ್ಪಾಡೂ ಇರಬೇಕು.

ಈ ಲೆಕ್ಕವನ್ನು ಎರಡು ಕಟ್ಟಡಗಳಿಗೆ ಹಚ್ಚಿ ನೋಡಿ. ಎರಡಕ್ಕೂ ಒಂದೊಂದು ಮತ ಕೊಟ್ಟರೆ, ಲಿಂಕು ಕಡಿದಾಗ ಯಾರಿಗೂ ಬಹುಮತವಿಲ್ಲ, ಎರಡೂ ನಿಲ್ಲುತ್ತವೆ. ಒಂದಕ್ಕೆ ಎರಡು, ಇನ್ನೊಂದಕ್ಕೆ ಒಂದು ಎಂದು ಕೊಟ್ಟರೆ, ಎರಡು ಮತದ ಕಟ್ಟಡಕ್ಕೆ ಬೆಂಕಿ ಬಿದ್ದ ದಿನ ಒಂದು ಮತದ್ದು ಚೆನ್ನಾಗಿದ್ದೂ ಕೈಕಟ್ಟಿ ನಿಲ್ಲಬೇಕು. ಯಾವ ಕಡೆಗೆ ಎಷ್ಟು ಸರ್ವರ್ ಸೇರಿಸಿದರೂ, ಎಷ್ಟು ಲಿಂಕು ಎಳೆದರೂ ಈ ಲೆಕ್ಕ ಬದಲಾಗುವುದಿಲ್ಲ. ಎರಡೇ ಜಾಗಗಳಿರುವವರೆಗೆ ಇದಕ್ಕೆ ಪರಿಹಾರವಿಲ್ಲ. ಮೂರನೆಯ ಜಾಗ ಬೇಕು, ಅಲ್ಲಿ ಒಂದು ಮತ ಬೇಕು, ಆ ಮತಕ್ಕೆ ಎರಡೂ ಕೇಂದ್ರಗಳಿಂದ ಬೇರೆ ಬೇರೆ ದಾರಿ ಬೇಕು. ನಾಲ್ಕನೆಯ ಮತ ಸೇರಿಸಿದರೆ ಲಾಭವಿಲ್ಲ: ನಾಲ್ಕರಲ್ಲಿ ಬಹುಮತಕ್ಕೆ ಮೂರು ಬೇಕು, ಆಗಲೂ ಒಂದನ್ನು ಮಾತ್ರ ಕಳೆದುಕೊಳ್ಳಬಹುದು. ಎರಡು ಕಳೆದರೂ ನಡೆಯಬೇಕೆಂದರೆ ಐದು ಬೇಕು.

ಇದು ನಿನ್ನೆ ಮೊನ್ನೆಯ ಜ್ಞಾನವಲ್ಲ. ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿ 1983ರಲ್ಲಿ ವ್ಯಾಕ್ಸ್ ಕ್ಲಸ್ಟರನ್ನು ಹೊರತಂದಿತು. ಅದರಲ್ಲಿ ಪ್ರತಿ ಯಂತ್ರಕ್ಕೂ ಇಷ್ಟು ಮತ ಎಂದು ಹಂಚುವ ವ್ಯವಸ್ಥೆ, ಎರಡೇ ಯಂತ್ರಗಳಿದ್ದಾಗ ಮೂರನೆಯ ಮತ ಹಾಕಲು ಒಂದು ಡಿಸ್ಕ್, ಎಲ್ಲ ಬೆಳೆದುಬಂದವು. ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ ಇದೇ ಬಹುಮತದ ತರ್ಕವನ್ನು ಗಣಿತದ ಗಟ್ಟಿ ನೆಲದ ಮೇಲೆ ನಿಲ್ಲಿಸಿದರು. ಸದಸ್ಯರು ಬಂದುಹೋಗುತ್ತಲೇ ಇರುವ ಒಂದು ಗ್ರೀಕ್ ದ್ವೀಪದ ಶಾಸನಸಭೆಯ ಕಥೆಯಾಗಿ ಅವರು ಬರೆದ ಆ ಪ್ರಬಂಧ ಪ್ರಕಟವಾದದ್ದು 1998ರಲ್ಲಿ.

ಮೂರನೆಯ ಮತ ಇದ್ದುಬಿಟ್ಟರೆ ಸಾಕೆ? ಸಾಲದು ಎಂಬುದಕ್ಕೆ, ತಂತ್ರಾಂಶ ಬರೆಯುವವರು ಕೋಡ್ ಇಡುವ ಜಾಲತಾಣವಾದ 2018ರ ಅಕ್ಟೋಬರ್ 21ರ ಗಿಟ್‌ಹಬ್ ಪ್ರಕರಣಕ್ಕಿಂತ ಸ್ಪಷ್ಟ ಪಾಠ ನನಗೆ ಗೊತ್ತಿಲ್ಲ. ಕೆಡುತ್ತಿದ್ದ ಒಂದು ಆಪ್ಟಿಕಲ್ ಉಪಕರಣವನ್ನು ಬದಲಿಸುವಾಗ ಅಮೆರಿಕದ ಪೂರ್ವ ಕರಾವಳಿಯ ಅವರ ಮುಖ್ಯ ಡೇಟಾ ಸೆಂಟರು 43 ಸೆಕೆಂಡ್ ಸಂಪರ್ಕ ಕಳೆದುಕೊಂಡಿತು. ಡೇಟಾಬೇಸುಗಳ ನಾಯಕತ್ವ ನೋಡಿಕೊಳ್ಳುವ ತಂತ್ರಾಂಶಕ್ಕೆ ಮೂರು ಕಡೆ ಮತಗಳಿದ್ದವು. ಪಶ್ಚಿಮ ಕರಾವಳಿಯ ಮತ ಮತ್ತು ಪೂರ್ವದಲ್ಲೇ ಬೇರೆ ಕ್ಲೌಡಿನಲ್ಲಿದ್ದ ಮತ ಸೇರಿ ಬಹುಮತವಾಯಿತು. ನಿಯಮದಂತೆ ಪಶ್ಚಿಮವನ್ನು ಮುಖ್ಯವೆಂದು ಆರಿಸಿದವು. ಚುನಾವಣೆಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಪೂರ್ವದಲ್ಲಿ ಬರೆದ ಕೊನೆಯ ಕೆಲವು ಸೆಕೆಂಡುಗಳ ಮಾಹಿತಿ ಪಶ್ಚಿಮಕ್ಕೆ ತಲುಪಿರಲಿಲ್ಲ. ಅತಿ ಹೆಚ್ಚು ಕೆಲಸವಿದ್ದ ಕ್ಲಸ್ಟರುಗಳ ಪೈಕಿ ಒಂದರಲ್ಲಿ ಹಾಗೆ ಉಳಿದ ಬರಹಗಳು 954. ಅಷ್ಟರಲ್ಲಿ ಪಶ್ಚಿಮದಲ್ಲಿ ಹೊಸ ಬರಹಗಳು ಶುರುವಾಗಿದ್ದವು. ಅಲ್ಲಿಗೆ ಎರಡು ಸತ್ಯಗಳು. ಬಳಕೆದಾರರ ಒಂದು ಸಾಲು ಮಾಹಿತಿಯೂ ಹೋಗಬಾರದೆಂದು ಗಿಟ್‌ಹಬ್ ತನ್ನ ಕೆಲವು ಸೇವೆಗಳನ್ನು ತಾನೇ ನಿಲ್ಲಿಸಿ, ಬ್ಯಾಕಪ್‌ನಿಂದ ಮರಳಿ ಕಟ್ಟಿತು. 43 ಸೆಕೆಂಡಿನ ಕಡಿತಕ್ಕೆ 24 ಗಂಟೆ 11 ನಿಮಿಷ ಬೆಲೆ ತೆತ್ತರು. ಆ ಆಯ್ಕೆಯನ್ನು ನಾನು ಮೆಚ್ಚುತ್ತೇನೆ, ಆದರೆ ಆ ಸ್ಥಿತಿ ಬರಬೇಕಿರಲಿಲ್ಲ. ಮತ ಹಾಕಿದವರು ಬೇರೆ, ಮಾಹಿತಿ ಇಟ್ಟುಕೊಂಡವರು ಬೇರೆ ಆಗಿದ್ದರು. ಹಿಂದಿನ ನಾಯಕ ಬರೆದದ್ದೆಲ್ಲ ಹೊಸ ನಾಯಕನ ಬಳಿ ಇದೆಯೇ ಎಂದು ಕೇಳದ ಕೋರಂ ಅರ್ಧ ಕೋರಂ.

ಎರಡು ಆಕ್ಷೇಪಗಳನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಮೂರನೆಯ ಕೇಂದ್ರಕ್ಕೆ ದುಡ್ಡೆಲ್ಲಿ ಎಂಬುದು ಒಂದು. ಮೂರನೆಯ ಜಾಗದಲ್ಲಿ ಮಾಹಿತಿಯ ಪ್ರತಿ ಇರಲೇಬೇಕೆಂದಿಲ್ಲ. ಸಾಕ್ಷಿಯಾಗಿ ಮತ ಹಾಕುವ ಒಂದು ಸಣ್ಣ ಕಂಪ್ಯೂಟರ್ ಸಾಕು. ಕೋಟಿಗಟ್ಟಲೆ ಬೆಲೆಯ ಸ್ಟೋರೇಜಿನ ಪಕ್ಕದಲ್ಲಿ ಅದರ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ಆದರೂ ಅದನ್ನು ಬೇರೆ ಊರಿನಲ್ಲಿಡದೆ, ನೋಡಿಕೊಳ್ಳಲು ಸುಲಭವೆಂದು ಮುಖ್ಯ ಕೇಂದ್ರದ ರ‍್ಯಾಕಿನಲ್ಲೇ ಇಟ್ಟುಬಿಡುತ್ತಾರೆ. ಆ ಕಟ್ಟಡ ಹೋದ ದಿನ ಎರಡು ಮತಗಳು ಒಟ್ಟಿಗೆ ಹೋಗುತ್ತವೆ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಕ್ಲಸ್ಟರ್ ಕಟ್ಟಿದಷ್ಟೂ ತೊಡಕು ಹೆಚ್ಚುತ್ತದೆ, ತೊಡಕೇ ಹೊಸ ವೈಫಲ್ಯಗಳನ್ನು ತರುತ್ತದೆ. ಇದು ನಿಜ. ಇಬ್ಬರೇ ಸಿಬ್ಬಂದಿ ಇರುವ ಒಂದು ಸಹಕಾರ ಸಂಘಕ್ಕೆ ಯಾರಾದರೂ ಎರಡು ಕೇಂದ್ರಗಳ ಕ್ಲಸ್ಟರ್ ಮಾರಲು ಬಂದರೆ ಬೇಡ ಎನ್ನುವುದೇ ಸರಿ. ಒಂದು ಒಳ್ಳೆಯ ಸರ್ವರ್, ಬೇರೆ ಊರಿನಲ್ಲಿ ದಿನದಿನದ ಬ್ಯಾಕಪ್, ಅದನ್ನು ಮರಳಿ ಹಾಕಿ ನೋಡುವ ಅಭ್ಯಾಸ ಇಷ್ಟಿದ್ದರೆ ಅವರು ಹೆಚ್ಚು ಸುರಕ್ಷಿತರು. ಅರ್ಧ ದಿನ ನಿಂತರೆ ತಡೆದುಕೊಳ್ಳಬಹುದಾದವರು ಅದನ್ನು ಒಪ್ಪಿಕೊಳ್ಳುವುದು ಸಣ್ಣತನವಲ್ಲ. ನಾಲ್ಕು ಗಂಟೆ ನಿಂತರೆ ಲಕ್ಷಾಂತರ ಜನರ ದಿನ ಕೆಡುವ ಸಂಸ್ಥೆಗಳಿಗೆ ಮಾತ್ರ ಈ ಆಯ್ಕೆ ಇಲ್ಲ. ಅವು ತೊಡಕನ್ನು ಕೊಂಡ ಮೇಲೆ ಅದನ್ನು ಪಳಗಿಸುವ ಹೊಣೆಯನ್ನೂ ಹೊರಬೇಕು.

ಪಳಗಿಸುವುದೆಂದರೆ ಕೆಲಸದ ದಿನ ಕೇಬಲ್ ಕಿತ್ತು ನೋಡುವುದು. ಈ ವಿಷಯದಲ್ಲಿ ಷೇರುಪೇಟೆಯೇ ಈಗ ಉಳಿದವರಿಗೆ ದಾರಿ ತೋರಿಸುತ್ತಿದೆ. ಆ ಬುಧವಾರ ಕಳೆದು ಒಂದು ತಿಂಗಳೊಳಗೆ, 2021ರ ಮಾರ್ಚ್ 22ರಂದು, ಷೇರುಪೇಟೆಗಳ ನಿಯಂತ್ರಕ ಸಂಸ್ಥೆ ಸೆಬಿ ಹೊಸ ಮಾರ್ಗಸೂಚಿ ಹೊರಡಿಸಿತು. ಮುಖ್ಯವಾದ ಯಾವುದೇ ವ್ಯವಸ್ಥೆ ಕೆಟ್ಟರೆ 30 ನಿಮಿಷದೊಳಗೆ ಅದನ್ನು ವಿಪತ್ತು ಎಂದು ಘೋಷಿಸಬೇಕು. ಘೋಷಿಸಿದ 45 ನಿಮಿಷದೊಳಗೆ, ಬೇಕಾದರೆ ಡಿಆರ್ ಸೈಟಿನಿಂದ, ಕೆಲಸ ಮತ್ತೆ ಶುರುವಾಗಬೇಕು. ಇದರಲ್ಲಿ ಯಂತ್ರದ ಸೂಚನೆಗಿಂತ ಮನುಷ್ಯರಿಗೆ ಕೊಟ್ಟ ಸೂಚನೆ ದೊಡ್ಡದು. ಇನ್ನೇನು ಸರಿಹೋಗುತ್ತದೆ, ಇನ್ನು ಹತ್ತು ನಿಮಿಷ ನೋಡೋಣ ಎಂದು ಎಂಜಿನಿಯರುಗಳು ಪ್ರಾಮಾಣಿಕವಾಗಿಯೇ ಅಂದುಕೊಳ್ಳುತ್ತಾರೆ. ಹತ್ತು ಹತ್ತು ಸೇರಿ ಮಧ್ಯಾಹ್ನವಾಗುತ್ತದೆ. ಅದರಲ್ಲೂ ಆರ್ಡರ್ ಯಂತ್ರ ಓಡುತ್ತಿದ್ದು ಅಪಾಯ ನಿರ್ವಹಣೆ ಮಾತ್ರ ನಿಂತಾಗ ಇದನ್ನು ಸಾವು ಎನ್ನಬೇಕೋ ಬೇಡವೋ ಎಂಬ ಗೊಂದಲ ಸಹಜ. ಗಡಿಯಾರದ ನಿಯಮ ಆ ಗೊಂದಲವನ್ನು ಅವರ ಹೆಗಲಿಂದ ಇಳಿಸುತ್ತದೆ. 2024ರ ಮಾರ್ಚ್ 2 ಮತ್ತು ಮೇ 18, ಎರಡೂ ಶನಿವಾರ, ಷೇರುಪೇಟೆಗಳು ವಿಶೇಷ ವಹಿವಾಟು ನಡೆಸಿ ದಿನದ ನಡುವೆಯೇ ಮುಖ್ಯ ಕೇಂದ್ರದಿಂದ ಡಿಆರ್ ಸೈಟಿಗೆ ಬದಲಿಸಿ ತೋರಿಸಿದವು. ನಿಜವಾದ ಆರ್ಡರು, ನಿಜವಾದ ಹಣ. ಭರ್ತಿ ವಹಿವಾಟಿನ ವಾರದ ದಿನಗಳಲ್ಲೂ ಇದು ನಡೆದರೆ ನಂಬಿಕೆ ಇನ್ನೂ ಗಟ್ಟಿಯಾಗುತ್ತದೆ.

ಷೇರುಪೇಟೆಯಾಚೆಗೆ ಬಂದರೆ ಚಿತ್ರ ಬೇರೆ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೆಜಾನ್ ನಗರದ ಸರ್ಕಾರಿ ಡೇಟಾ ಸೆಂಟರಿನಲ್ಲಿ ಲೀಥಿಯಂ ಬ್ಯಾಟರಿಗಳಿಗೆ ಬೆಂಕಿ ಹತ್ತಿ ಆರುನೂರಕ್ಕೂ ಹೆಚ್ಚು ಸರ್ಕಾರಿ ವ್ಯವಸ್ಥೆಗಳು ನಿಂತವು. ನೌಕರರು ಕಡತಗಳನ್ನಿಡುತ್ತಿದ್ದ ಜಿ-ಡ್ರೈವ್ ಎಂಬ ಭಂಡಾರದ 858 ಟೆರಾಬೈಟ್ ಮಾಹಿತಿ ಸುಟ್ಟುಹೋಯಿತು; ಹೊರಗೆ ಬೇರೆಲ್ಲೂ ಅದರ ಪ್ರತಿ ಇರಲಿಲ್ಲ. ತಂತ್ರಜ್ಞಾನದಲ್ಲಿ ಜಗತ್ತಿಗೇ ಮುಂದಿರುವ ದೇಶವೊಂದರಲ್ಲಿ, ಜನರ ತೆರಿಗೆಯಲ್ಲಿ ನಡೆಯುವ ವ್ಯವಸ್ಥೆಗೆ ಈ ಗತಿ ಬಂದದ್ದು ನಮ್ಮನ್ನೂ ಎಚ್ಚರಿಸಬೇಕು.

ಕರ್ನಾಟಕದಲ್ಲಿ 'ಸರ್ವರ್ ಡೌನ್' ಎಂಬ ಮಾತನ್ನು ಕೇಳದವರು ಯಾರಿದ್ದಾರೆ? ಪಡಿತರ ಅಂಗಡಿಯಲ್ಲಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ, ನಾಡಕಚೇರಿಯ ಕಿಟಕಿಯಲ್ಲಿ ಅದು ಮಳೆ ಬಂತು ಎಂಬಷ್ಟು ಸಹಜವಾಗಿಬಿಟ್ಟಿದೆ. ಬೆಳೆಸಾಲಕ್ಕೆ ಪಹಣಿ ಬೇಕೆಂದು ಬೆಳಿಗ್ಗೆ ಬಸ್ಸು ಹತ್ತಿ ಬಂದ ರೈತನಿಗೆ ಅದರಿಂದ ಹೋಗುವುದು ಒಂದು ದಿನದ ಕೂಲಿ. ಯಾವ ಲಿಂಕು ಹೋಯಿತು, ಎಷ್ಟು ಹೊತ್ತು, ಯಾಕೆ ಬದಲಿ ದಾರಿ ಹಿಡಿಯಲಿಲ್ಲ ಎಂದು ಅವನಿಗೆ ಯಾರೂ ಹೇಳುವುದಿಲ್ಲ, ಅವನು ಕೇಳುವಂತೆಯೂ ಇಲ್ಲ. ಮಳೆಗೆ ಕಾರಣ ಕೇಳಲಾಗದು. ಸರ್ವರಿಗೆ ಕೇಳಬಹುದು, ಕೇಳಬೇಕು. ಇಂಥ ವ್ಯವಸ್ಥೆಗಳ ಟೆಂಡರಿನಲ್ಲಿ ಎಷ್ಟು ಸರ್ವರು, ಎಷ್ಟು ಟೆರಾಬೈಟು ಎಂಬ ಪಟ್ಟಿಯ ಜತೆಗೆ ಮೂರನೆಯ ಮತ ಯಾವ ಊರಿನಲ್ಲಿರುತ್ತದೆ, ಎರಡು ಲಿಂಕುಗಳು ಯಾವ ಯಾವ ರಸ್ತೆಯಲ್ಲಿ ಹೋಗುತ್ತವೆ, ವಿಪತ್ತು ಎಂದು ಘೋಷಿಸುವ ಅಧಿಕಾರ ಯಾವ ಹುದ್ದೆಗೆ, ಅವರು ಸಿಗದಿದ್ದರೆ ಯಾರಿಗೆ ಎಂಬುದೂ ಬರೆದಿರಬೇಕು. ವರ್ಷಕ್ಕೆ ಎರಡು ಸಲ ಕಚೇರಿ ವೇಳೆಯಲ್ಲೇ ಮುಖ್ಯ ಕೇಂದ್ರವನ್ನು ಬೇಕೆಂದೇ ನಿಲ್ಲಿಸಿ, ಎಷ್ಟು ನಿಮಿಷದಲ್ಲಿ ಪಹಣಿ ಮತ್ತೆ ಸಿಕ್ಕಿತು ಎಂಬುದನ್ನು ಪ್ರಕಟಿಸಬೇಕು. ಷೇರು ಕೊಳ್ಳುವವರ ಪರವಾಗಿ ಈ ಲೆಕ್ಕ ಕೇಳಲು ಸೆಬಿ ಇದೆ. ಪಹಣಿ, ಪಡಿತರ, ಪಿಂಚಣಿಗಳಿಗೆ ಕಾಯುವವರ ಪರವಾಗಿ ಅದೇ ಲೆಕ್ಕ ಕೇಳುವ, ಉತ್ತರ ಬಾರದಿದ್ದರೆ ಗುತ್ತಿಗೆದಾರರ ಬಿಲ್ಲು ತಡೆಯುವ ಅಧಿಕಾರವುಳ್ಳ ಒಂದು ಹುದ್ದೆಯನ್ನು ರಾಜ್ಯ ಸರ್ಕಾರ ಸೃಷ್ಟಿಸಬೇಕು.